ತೀರ್ಥಹಳ್ಳಿಯ ಸ್ವಿಚ್ಚು ನೆರೆಯಾಗಲು ಒಪ್ಪದಿದ್ದಾಗ

ಶಿವಮೊಗ್ಗದ ನಮ್ಮ ಮುಖ್ಯ ಕಚೇರಿಯ ಸ್ವಿಚ್ಚಿನಲ್ಲಿ ಓಎಸ್‌ಪಿಎಫ್ (ಜಾಲದ ಸಾಧನಗಳು ಮಾರ್ಗಗಳ ಮಾಹಿತಿಯನ್ನು ತಮ್ಮೊಳಗೆ ಹಂಚಿಕೊಳ್ಳುವ ಪದ್ಧತಿ) ಹೊಂದಿಸುವಾಗ ಒಳಗಿನ ಜಾಲವನ್ನು ಅದರ ಏರಿಯಾ, ಅಂದರೆ ವಿಭಾಗ, 0ರಲ್ಲಿಯೂ, ತೀರ್ಥಹಳ್ಳಿ ಶಾಖೆಗೆ ಹೋಗುವ ಲಿಂಕನ್ನು ಏರಿಯಾ 1ರಲ್ಲಿಯೂ ಇರಿಸಿದ್ದೆ. ಎರಡು ತುದಿಗಳ ನಡುವೆ ಪಿಂಗ್ (ಸಂಪರ್ಕ ಪರೀಕ್ಷೆಯ ಸಂದೇಶ) ಸರಾಗವಾಗಿ ಹೋಗುತ್ತಿದ್ದರೂ, ಸ್ವಿಚ್ಚು ನೆರೆಯೆಂದು ಒಪ್ಪಿಕೊಂಡ ಸಾಧನಗಳ ಪಟ್ಟಿ ಖಾಲಿಯಾಗಿಯೇ ಇತ್ತು. ಮಳೆ ಹಿಡಿದಿದ್ದ ವಾರವಾದ್ದರಿಂದ ಮೊದಲು ಫೈಬರಿನ ಮೇಲೆಯೇ ಅನುಮಾನಪಟ್ಟು ಅರ್ಧ ದಿನ ಕಳೆದೆ. ಮಲೆನಾಡಿನಲ್ಲಿ ಈ ಕೆಲಸ ಮಾಡುವವರಿಗೆ ಅದು ಅಂಟಿಕೊಂಡ ಚಾಳಿ.

ನೆರೆಯನ್ನು ಗುರುತಿಸಲು ಸಾಧನಗಳು ಕಳಿಸುವ ಹಲೋ ಪ್ಯಾಕೆಟ್ಟುಗಳ ಡೀಬಗ್ (ದೋಷ ಹುಡುಕುವ ವಿವರ) ತೆರೆದಾಗ ವಿಷಯ ತಿಳಿಯಿತು. ಏರಿಯಾ ಸಂಖ್ಯೆ, ಸಬ್‌ನೆಟ್ ಮಾಸ್ಕ್, 10 ಸೆಕೆಂಡಿನ ಹಲೋ, 40 ಸೆಕೆಂಡಿನ ಡೆಡ್ ಅವಧಿ (ಅಷ್ಟು ಹೊತ್ತು ಹಲೋ ಬಾರದಿದ್ದರೆ ನೆರೆ ಇಲ್ಲವೆಂದು ಎಣಿಸುವ ಸಮಯ) ಎಲ್ಲವೂ ಎರಡೂ ಕಡೆ ಒಂದೇ ಆಗಿದ್ದವು. ಏರಿಯಾ ಸ್ಟಬ್, ಅಂದರೆ ಹೊರಗಿನ ಮಾರ್ಗಗಳನ್ನು ಒಳಗೆ ಬಿಡದಂಥದ್ದು, ಎಂದು ಹೇಳುವ ಗುರುತು ಮಾತ್ರ ಹೊಂದುತ್ತಿರಲಿಲ್ಲ. ಶಾಖೆಯ ಹಳೆಯ ಸ್ವಿಚ್ಚಿಗೆ ಹೊರಗಿನ ಮಾರ್ಗಗಳ ಹೊರೆ ಬೇಡವೆಂದು ‘ಏರಿಯಾ 1 ಸ್ಟಬ್’ ಎಂಬ ಸಾಲನ್ನು ಅಲ್ಲಿ ಬರೆದಿದ್ದ ನಾನು, ಶಿವಮೊಗ್ಗದಲ್ಲಿ ಬರೆಯಲು ಮರೆತಿದ್ದೆ. ಆ ಏರಿಯಾಕ್ಕೆ ಸೇರಿದ ಪ್ರತಿಯೊಂದು ಸಾಧನದಲ್ಲಿಯೂ ಈ ಸಾಲು ಇರಲೇಬೇಕು. ಇಲ್ಲವಾದರೆ ಒಂದರ ಹಲೋವನ್ನು ಇನ್ನೊಂದು ಸದ್ದಿಲ್ಲದೆ ತಳ್ಳಿಹಾಕುತ್ತದೆ.

ಅದೇ ಸಾಲನ್ನು ಶಿವಮೊಗ್ಗದಲ್ಲಿಯೂ ಸೇರಿಸಿದ ಮೇಲೆ, ಸುಮಾರು ಒಂದು ನಿಮಿಷದಲ್ಲಿ ಸ್ಥಿತಿ ‘ಫುಲ್’ (ನೆರೆತನ ಪೂರ್ಣಗೊಂಡಿದೆ) ಎಂದು ತೋರಿತು ಮತ್ತು ಶಾಖೆಯ ಮಾರ್ಗಪಟ್ಟಿಗೆ ಡೀಫಾಲ್ಟ್ ಮಾರ್ಗವೂ (ಬೇರೆ ಮಾರ್ಗ ಗೊತ್ತಿಲ್ಲದಾಗ ಬಳಸುವ ಮಾರ್ಗ) ತಾನಾಗಿಯೇ ಬಂದು ಕೂತಿತು. ಕರೆಂಟು ಹೋಗುವ ಮುನ್ನ ಕಾನ್ಫಿಗರೇಶನ್ ಸೇವ್ ಮಾಡಿದೆ.