ರೀಫಿಲ್ ಇಂಕ್ ಕೊಳ್ಳುವ ಮುನ್ನ ಪ್ರಿಂಟರನ್ನು ಅರಿಯಿರಿ

ನನ್ನ ಕೈಯಲ್ಲಿ ಕೆಟ್ಟ ಮೊದಲ ಪ್ರಿಂಟರ್ ಹಾಳಾದದ್ದು ಒಳ್ಳೆಯ ಇಂಕಿನಿಂದ. ಹೆಸರಿದ್ದ ತಯಾರಕರ ಕಪ್ಪು ಇಂಕ್ ಅದು. ಬಾಟಲಿ ಚೊಕ್ಕಟವಾಗಿತ್ತು, ಮುಚ್ಚಳ ಭದ್ರವಾಗಿತ್ತು, ಬಣ್ಣವೂ ದಟ್ಟ. ಮೊದಲ ಹಾಳೆಗಳು ಅಚ್ಚುಕಟ್ಟಾಗಿಯೇ ಬಂದವು. ಎರಡು ವಾರ ಮುಟ್ಟದೆ ಬಿಟ್ಟು ಮತ್ತೆ ಚಾಲು ಮಾಡಿದಾಗ ಅಕ್ಷರಗಳ ಮೈಮೇಲೆ ಬಿಳಿ ಗೆರೆಗಳು. ಹೆಡ್ (ಇಂಕನ್ನು ಕಾಗದದ ಮೇಲೆ ಚಿಮ್ಮಿಸುವ ಭಾಗ) ಶುಚಿಗೊಳಿಸುವ ಆಯ್ಕೆಯನ್ನು ಮತ್ತೆ ಮತ್ತೆ ಒತ್ತಿದೆ. ಗೆರೆಗಳು ಹೆಚ್ಚಿದವೇ ಹೊರತು ಕಡಿಮೆಯಾಗಲಿಲ್ಲ. ಕಾರಣ ತಿಳಿಯುವಷ್ಟರಲ್ಲಿ ತಡವಾಗಿತ್ತು. ಬಣ್ಣ ನೀರಿನಲ್ಲಿ ಕರಗಿರುವ ಡೈ ಇಂಕಿಗೆಂದು ರೂಪಿಸಿದ್ದ ಪ್ರಿಂಟರಿಗೆ ಬಣ್ಣದ ಕಣಗಳು ತೇಲುವ ಪಿಗ್ಮೆಂಟ್ ಇಂಕ್ ತುಂಬಿಸಿದ್ದೆ, ಅದೂ ಹಳೆಯ ಡೈ ಇಂಕ್ ತಳದಲ್ಲಿ ಉಳಿದಿರುವಾಗಲೇ. ಇಂಕಿನದೇನೂ ತಪ್ಪಿರಲಿಲ್ಲ. ಅದು ಬೇರೊಂದು ಯಂತ್ರಕ್ಕೆ ಸೇರಬೇಕಾದ ಇಂಕ್.

ಅಂದಿನಿಂದ ಯಾರಾದರೂ ಬಂದು ‘ಯಾವ ಕಂಪನಿಯ ರೀಫಿಲ್ ಇಂಕ್ ಒಳ್ಳೆಯದು’ ಎಂದು ಕೇಳಿದರೆ, ‘ನಿಮ್ಮದು ಯಾವ ಪ್ರಿಂಟರ್’ ಎಂದು ತಿರುಗಿ ಕೇಳುತ್ತೇನೆ. ಒಗ್ಗುವ ಇಂಕೇ ಒಳ್ಳೆಯ ಇಂಕ್. ಬಣ್ಣದ ಹೊಳಪು, ಬಾಟಲಿಯ ಅಂದ, ಅಗ್ಗದ ಬೆಲೆ ಎಲ್ಲವೂ ಅದರ ನಂತರದ ಮಾತು.

ಮೊದಲ ಹೆಜ್ಜೆ: ಹೆಡ್ ಯಾವ ಬಗೆಯದು?

ಇಂಕ್‌ಜೆಟ್ ಪ್ರಿಂಟರುಗಳು ಇಂಕನ್ನು ಕಾಗದದ ಮೇಲೆ ಚಿಮ್ಮಿಸುವುದು ಎರಡು ಬಗೆಯಲ್ಲಿ. ಎಚ್‌ಪಿ ಮತ್ತು ಕ್ಯಾನನ್ ಕಂಪನಿಗಳ ಮನೆಬಳಕೆಯ ಪ್ರಿಂಟರುಗಳು ಶಾಖವನ್ನು ನೆಚ್ಚಿಕೊಂಡಿವೆ. ನಾಜಲ್‌ನ (ಇಂಕ್ ಹೊರಬರುವ ಸೂಕ್ಷ್ಮ ರಂಧ್ರದ) ಬಳಿಯಿರುವ ಪುಟ್ಟ ಹೀಟರ್ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ 300 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದಕ್ಕೆ ತಗುಲಿದ ಇಂಕಿನ ತೆಳುಪದರ ಆವಿಯಾಗಿ ಗುಳ್ಳೆಯೇಳುತ್ತದೆ. ಆ ಗುಳ್ಳೆ ಒಂದು ಹನಿಯನ್ನು ಹೊರಕ್ಕೆ ತಳ್ಳುತ್ತದೆ. 1977ರಲ್ಲಿ ಕ್ಯಾನನ್ ಪ್ರಯೋಗಾಲಯದಲ್ಲಿ ಬಿಸಿಯಾದ ಬೆಸುಗೆ ಕಡ್ಡಿ ಇಂಕ್ ತುಂಬಿದ ಸಿರಿಂಜ್‌ನ ಸೂಜಿಗೆ ತಾಕಿ, ಇಂಕ್ ಚಿಮ್ಮಿದ್ದೇ ಈ ವಿಧಾನಕ್ಕೆ ಪ್ರೇರಣೆ. ಎಪ್ಸನ್ ಮತ್ತು ಬ್ರದರ್ ಪ್ರಿಂಟರುಗಳ ದಾರಿ ಬೇರೆ. ಅಲ್ಲಿ ಶಾಖವಿಲ್ಲ. ವಿದ್ಯುತ್ ಸೋಕಿದಾಗ ಆಕಾರ ಬದಲಿಸುವ ಪೀಜೋ ಹರಳು ಇಂಕನ್ನು ಒತ್ತಿ ಹೊರಹಾಕುತ್ತದೆ.

ಈ ವ್ಯತ್ಯಾಸವೇ ಇಂಕಿನ ಪಾಕವನ್ನು ನಿರ್ಧರಿಸುತ್ತದೆ. ಶಾಖದ ಹೆಡ್‌ಗೆ ತೆಳುವಾಗಿ ಹರಿಯುವ, ಬಿಸಿಗೆ ಕರಕಾಗದ ಇಂಕ್ ಬೇಕು. ಶಾಖ ತಾಳದ ಇಂಕ್ ಹಾಕಿದರೆ ಪಾತ್ರೆಯ ತಳ ಸೀದಂತೆ ಹೀಟರಿನ ಮೇಲೆ ಕರಿ ಕಟ್ಟುತ್ತಾ ಹೋಗುತ್ತದೆ. ಇದಕ್ಕೆ ಕೊಗೇಶನ್ ಎಂಬ ಹೆಸರೇ ಇದೆ; ಜಪಾನೀ ಭಾಷೆಯಲ್ಲಿ ಸೀದುಹೋಗುವುದಕ್ಕೆ ಇರುವ ಪದದಿಂದ ಬಂದ ಹೆಸರು ಅದು. ಪೀಜೋ ಹೆಡ್‌ಗೆ ಸಾಮಾನ್ಯವಾಗಿ ತುಸು ಮಂದವಾದ ಇಂಕ್ ಬೇಕು. ತೀರ ತೆಳುವಾದರೆ ಹನಿ ಹದವಾಗಿ ಕಡಿದು ಬೀಳದೆ ಸುತ್ತಲೂ ಸಣ್ಣ ಚುಕ್ಕೆಗಳಾಗಿ ಸಿಡಿಯುತ್ತದೆ.

ಆದ್ದರಿಂದಲೇ ‘ಎಲ್ಲ ಪ್ರಿಂಟರುಗಳಿಗೂ ಸರಿಹೊಂದುತ್ತದೆ’ ಎಂದು ಬರೆದಿರುವ ಬಾಟಲಿಯನ್ನು ನಾನು ಕೈಗೆ ತೆಗೆದುಕೊಳ್ಳುವುದೇ ಇಲ್ಲ. ಎರಡು ವಿರುದ್ಧ ಗುಣಗಳ ನಡುವೆ ರಾಜಿ ಮಾಡಿಕೊಂಡ ಇಂಕ್ ಅದು. ಕೆಲವರಿಗೆ ಅದು ವರ್ಷಗಟ್ಟಲೆ ನಡೆದಿರಬಹುದು, ಆ ಭಾಗ್ಯ ನಿಮ್ಮದೂ ಆಗುತ್ತದೆಂದು ನಂಬಿ ಹೆಡ್ಡನ್ನು ಪಣಕ್ಕಿಡಬೇಡಿ.

ಇದರ ಜೊತೆಗೇ ಇನ್ನೊಂದನ್ನು ನೋಡಿಕೊಳ್ಳಿ: ಹೆಡ್ ಎಲ್ಲಿದೆ? ಕಾರ್ಟ್ರಿಜ್‌ನ ಅಡಿಯಲ್ಲಿ ತಾಮ್ರದ ಬಣ್ಣದ ಸಂಪರ್ಕ ಬಿಂದುಗಳೂ ನಾಜಲ್‌ಗಳಿರುವ ಸಣ್ಣ ತಗಡಿನಂಥ ಪಟ್ಟಿಯೂ ಇದ್ದರೆ ಹೆಡ್ ಕಾರ್ಟ್ರಿಜ್‌ನಲ್ಲೇ ಇದೆ ಎಂದರ್ಥ. ಅಂಥ ಪ್ರಿಂಟರಿನಲ್ಲಿ ಪ್ರಯೋಗ ಕೈಕೊಟ್ಟರೆ ಒಂದು ಕಾರ್ಟ್ರಿಜ್ ಹೋಗುತ್ತದೆ, ಅಷ್ಟೇ. ಹೆಡ್ ಪ್ರಿಂಟರಿನ ಒಡಲಿನಲ್ಲೇ ಕೂತಿದ್ದರೆ (ಇಂಕ್ ಟ್ಯಾಂಕ್ ಇರುವ ಬಹುಪಾಲು ಮಾದರಿಗಳು ಹೀಗೆಯೇ) ಒಂದು ತಪ್ಪು ಬಾಟಲಿ ಇಡೀ ಯಂತ್ರವನ್ನು ಕಟ್ಟಿಹಾಕಬಲ್ಲದು. ಅಲ್ಲಿ ಎಚ್ಚರ ಇಮ್ಮಡಿಯಾಗಿರಲಿ.

ಎರಡನೆಯ ಹೆಜ್ಜೆ: ಡೈ ಬೇಕೋ, ಪಿಗ್ಮೆಂಟ್ ಬೇಕೋ?

ನಾನು ಎಡವಿದ್ದು ಇಲ್ಲಿಯೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡೈ ಇಂಕಿನಲ್ಲಿ ಬಣ್ಣ ನೀರಿನಲ್ಲಿ ಸಕ್ಕರೆಯಂತೆ ಪೂರ್ತಿ ಕರಗಿರುತ್ತದೆ. ಕಾಗದದ ಎಳೆಗಳೊಳಕ್ಕೆ ಇಳಿದು ತುಂಬು ಬಣ್ಣ ಕೊಡುತ್ತದೆ, ಹೊಳಪಿನ ಫೋಟೊ ಕಾಗದದ ಮೇಲೆ ಮಿಂಚುತ್ತದೆ, ನಾಜಲ್‌ನಲ್ಲಿ ಕಟ್ಟಿಕೊಳ್ಳುವ ಸಂಭವ ಕಡಿಮೆ. ನೀರು ತಾಕಿದರೆ ಹರಡುವುದು, ಬೆಳಕು ಮತ್ತು ಗಾಳಿಯಲ್ಲಿನ ಓಝೋನ್‌ಗೆ ಬೇಗ ಮಾಸುವುದು ಅದರ ದೌರ್ಬಲ್ಯ.

ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗಿರುವುದಿಲ್ಲ. ಸುಮಾರು 100 ನ್ಯಾನೋಮೀಟರ್ ಗಾತ್ರದ ಕಣಗಳಾಗಿ ದ್ರವದಲ್ಲಿ ತೇಲುತ್ತಿರುತ್ತದೆ. ನಾಜಲ್‌ನ ಬಾಯಿ 20 ಮೈಕ್ರಾನ್ ಆಸುಪಾಸಿನದು. ಅಂದರೆ ಇನ್ನೂರು ಕಣಗಳು ಸಾಲಾಗಿ ನಿಂತರೆ ಆ ಬಾಯಿಯ ಅಗಲ. ಕಣಗಳು ಒಂಟೊಂಟಿಯಾಗಿ ಇರುವವರೆಗೆ ಸಲೀಸಾಗಿ ಹಾದುಹೋಗುತ್ತವೆ. ಒಂದಕ್ಕೊಂದು ಅಂಟಿ ಮುದ್ದೆಯಾದರೆ ದಾರಿ ಮುಚ್ಚಿತೆಂದೇ ಲೆಕ್ಕ. ಪಿಗ್ಮೆಂಟ್ ಇಂಕಿನ ಗುಣಮಟ್ಟವೆಂದರೆ ಬಹುಮಟ್ಟಿಗೆ ಇದೇ: ಕಣಗಳನ್ನು ಸಮನಾಗಿ ಅರೆದು, ಸೋಸಿ, ತಿಂಗಳುಗಳ ಕಾಲ ಅಂಟಿಕೊಳ್ಳದಂತೆ ಕಾಪಾಡುವ ಜಾಣ್ಮೆ. ಬೇರೆ ರಸಾಯನದ ಡೈ ಇಂಕ್ ಬೆರೆತರೆ ಆ ಸಮತೋಲ ಕದಡಬಹುದು. ಹಾಗಾಗಿ ಎರಡನ್ನು ಎಂದಿಗೂ ಬೆರೆಸಬೇಡಿ.

ಬಹಳ ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಬಣ್ಣಗಳು ಡೈ ಆಗಿರುತ್ತವೆ. ಅಕ್ಷರಗಳ ಅಂಚು ಚೂಪಾಗಿರಲಿ, ಫೋಟೊಗಳು ಹೊಳೆಯಲಿ ಎಂಬುದು ಉದ್ದೇಶ. ಕ್ಯಾನನ್‌ನ ಕೆಲವು ಮಾದರಿಗಳಲ್ಲಿ ಎರಡು ಕಪ್ಪು ಕಾರ್ಟ್ರಿಜ್‌ಗಳಿರುತ್ತವೆ. ಪಿಜಿಬಿಕೆ ಎಂದು ಗುರುತಿರುವುದು ಪಿಗ್ಮೆಂಟ್, ಬರಿ ಬಿಕೆ ಎಂದಿರುವುದು ಡೈ. ಎಪ್ಸನ್‌ನ ಡ್ಯೂರಾಬ್ರೈಟ್ ಇಂಕಿನಲ್ಲಿ ಎಲ್ಲ ಬಣ್ಣಗಳೂ ಪಿಗ್ಮೆಂಟ್. ಕಂಪನಿ ಒಂದೇ ಆದ ಮಾತ್ರಕ್ಕೆ ಇಂಕಿನ ಬಗೆಯೂ ಒಂದೇ ಎಂದುಕೊಳ್ಳುವಂತಿಲ್ಲ. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಅಥವಾ ಮೂಲ ಇಂಕಿನ ವಿವರಪಟ್ಟಿಯಲ್ಲಿ ಪ್ರತಿ ಬಣ್ಣಕ್ಕೂ ಪ್ರತ್ಯೇಕವಾಗಿ ನೋಡಿಕೊಳ್ಳಿ.

ಕೈಪಿಡಿ ಕಳೆದುಹೋಗಿದ್ದರೆ ಮೂಲ ಇಂಕ್ ಮುಗಿಯುವ ಮೊದಲೇ ಸಾಧಾರಣ ಕಾಗದದ ಮೇಲೆ ಕಪ್ಪು ಅಕ್ಷರಗಳನ್ನು ಮುದ್ರಿಸಿ, ಒಂದು ದಿನ ಒಣಗಲು ಬಿಟ್ಟು, ಮೇಲೆ ಒಂದು ಹನಿ ನೀರು ಬಿಡಿ. ಅಕ್ಷರ ಕಲಸಿ ನೇರಳೆಯೋ ನೀಲಿಯೋ ಆಗಿ ಹರಡಿದರೆ ಅದು ಡೈ. ಕದಲದೆ ನಿಂತರೆ ಪಿಗ್ಮೆಂಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಅದೇ ಹೊತ್ತಿಗೆ ಒಂದು ಬಣ್ಣದ ಚಿತ್ರವನ್ನೂ, ಬಿಳಿಯಿಂದ ಕಪ್ಪಿನವರೆಗಿನ ಬೂದು ಪಟ್ಟಿಯನ್ನೂ ಮೂಲ ಇಂಕಿನಲ್ಲಿಯೇ ಮುದ್ರಿಸಿ, ಬೆಳಕು ಬೀಳದ ಕಡೆ ಎತ್ತಿಡಿ. ಮುಂದೆ ಹೋಲಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು.

ಮೂರನೆಯ ಹೆಜ್ಜೆ: ಬಾಟಲಿಯ ಮೇಲೆ ಏನಿದೆ, ಏನಿಲ್ಲ

ನಂಬಿಕೆಗೆ ಅರ್ಹನಾದ ತಯಾರಕ ಪ್ರಿಂಟರ್ ಮಾದರಿ ಅಥವಾ ಕಾರ್ಟ್ರಿಜ್ ಸಂಖ್ಯೆಯನ್ನು ಸ್ಪಷ್ಟವಾಗಿ ಹೆಸರಿಸುತ್ತಾನೆ, ಡೈ ಅಥವಾ ಪಿಗ್ಮೆಂಟ್ ಎಂದು ಹೇಳುತ್ತಾನೆ, ತಯಾರಿಕೆಯ ದಿನಾಂಕ, ಬಳಕೆಯ ಅವಧಿ, ಬ್ಯಾಚ್ ಸಂಖ್ಯೆ ಕೊಡುತ್ತಾನೆ. ಕೇಳಿದರೆ ರಾಸಾಯನಿಕ ಸುರಕ್ಷತಾ ಪತ್ರವನ್ನೂ ಒದಗಿಸುತ್ತಾನೆ. ಬ್ಯಾಚ್ ಸಂಖ್ಯೆಯನ್ನು ಹಗುರವಾಗಿ ಕಾಣಬೇಡಿ. ಈ ಸಲದ ನೀಲಿ ಮುಂದಿನ ಸಲವೂ ಅದೇ ನೀಲಿಯಾಗಿರಬೇಕಾದರೆ ತಯಾರಕ ಪ್ರತಿ ಬ್ಯಾಚನ್ನೂ ಅಳೆದು ನೋಡುತ್ತಿರಬೇಕು. ಸಂಖ್ಯೆಯೇ ಇಲ್ಲದಿದ್ದರೆ ದೂರು ಕೊಡಲೂ ಆಧಾರವಿಲ್ಲ. ಫೋಟೊ ಮುದ್ರಿಸುವವರಿಗೆ ಇನ್ನೊಂದು ಒಳ್ಳೆಯ ಗುರುತು, ನಿಮ್ಮ ಪ್ರಿಂಟರಿಗೂ ಕಾಗದಕ್ಕೂ ತಕ್ಕ ಬಣ್ಣದ ಪ್ರೊಫೈಲ್ ಕಡತವನ್ನು (ಬಣ್ಣಗಳು ಸರಿಯಾಗಿ ಮೂಡುವಂತೆ ಹೊಂದಿಸುವ ಕಡತ) ಮಾರುವವರೇ ಕೊಡುವುದು.

ಆರು ಬಣ್ಣದ ಪ್ರಿಂಟರ್ ಇದ್ದವರು ತಿಳಿ ಸಯಾನ್ ಮತ್ತು ತಿಳಿ ಮೆಜೆಂಟಾ ಜಾಗಕ್ಕೆ ಅವುಗಳಿಗೆಂದೇ ಮಾಡಿದ ಇಂಕನ್ನೇ ಕೊಳ್ಳಬೇಕು. ಮಾಮೂಲಿ ಇಂಕಿಗೆ ನೀರು ಬೆರೆಸಿ ತಿಳಿ ಮಾಡುವ ಸಲಹೆ ಕೇಳಿದ್ದೇನೆ, ದಯವಿಟ್ಟು ಬೇಡ. ಇಂಕಿನಲ್ಲಿ ನೀರೇ ಹೆಚ್ಚಾದರೂ ಒಣಗದಂತೆ ತಡೆಯುವ ಗ್ಲೈಕಾಲ್, ಹರಿವನ್ನು ಹದಗೊಳಿಸುವ ಪದಾರ್ಥ, ಬೂಷ್ಟು ತಡೆಯುವ ರಾಸಾಯನಿಕ ಎಲ್ಲವೂ ಲೆಕ್ಕ ಹಾಕಿ ಸೇರಿಸಿದವು. ನೀರು ಸುರಿದರೆ ಬಣ್ಣದೊಂದಿಗೆ ಅವೂ ತೆಳುವಾಗುತ್ತವೆ.

ಬಾಟಲಿಯ ಗಾತ್ರದ ವಿಷಯದಲ್ಲಿ ಆಸೆಬುರುಕರಾಗುವುದು ಬೇಡ. ತೆರೆದ ಮೇಲೆ ಆರು ತಿಂಗಳಲ್ಲಿ ಮುಗಿಯುವಷ್ಟೇ ಸಾಕು.

ನಾಲ್ಕನೆಯ ಹೆಜ್ಜೆ: ತುಂಬುವ ಮೊದಲು, ತುಂಬಿದ ಮೇಲೆ

ಬಾಟಲಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಲೆಕೆಳಗು ಮಾಡಿ. ಡೈ ಇಂಕಿನ ತಳದಲ್ಲಿ ಗಷ್ಟು ಕಾಣಲೇಬಾರದು. ಪಿಗ್ಮೆಂಟ್ ಇಂಕ್ ತುಸು ಕೆಳಗಿಳಿದಿರಬಹುದು, ಮೆಲ್ಲಗೆ ಅಲುಗಿಸಿದರೆ ಪೂರ್ತಿ ಬೆರೆಯಬೇಕು. ಬೆರೆಯದೆ ಕೆಸರಿನಂತೆ ಉಳಿದರೆ ಆ ಬಾಟಲಿಯನ್ನು ಹಿಂದಿರುಗಿಸಿ. ಜೋರಾಗಿ ಕುಲುಕಬೇಡಿ, ನೊರೆಯೆದ್ದು ಗಾಳಿಗುಳ್ಳೆ ಸೇರುತ್ತದೆ.

ಬಣ್ಣಗಳು ಬೇರೆ ಬೇರೆ ಕಾರ್ಟ್ರಿಜ್ ಅಥವಾ ಟ್ಯಾಂಕ್‌ಗಳಲ್ಲಿದ್ದರೆ ಎಲ್ಲವನ್ನೂ ಒಮ್ಮೆಲೇ ಬದಲಿಸದೆ, ಮೊದಲು ಒಂದನ್ನು ಮಾತ್ರ ತುಂಬಿ. ಸ್ಪಂಜು ಇರುವ ಕಾರ್ಟ್ರಿಜ್‌ಗೆ ಸಿರಿಂಜ್‌ನಿಂದ ನಿಧಾನವಾಗಿ ಇಳಿಸಬೇಕು, ಉಕ್ಕುವಷ್ಟು ತುಂಬಬಾರದು. ಶಾಖದ ಹೆಡ್ ಇರುವ ಕಾರ್ಟ್ರಿಜ್ ಪೂರ್ತಿ ಬರಿದಾಗುವವರೆಗೂ ಕಾಯಬಾರದು. ಹೀಟರನ್ನು ತಣ್ಣಗಿಡುವುದೂ ಇಂಕೇ, ಅದಿಲ್ಲದೆ ಓಡಿದರೆ ಹೆಡ್ ಸುಟ್ಟುಹೋಗುತ್ತದೆ.

ತುಂಬಿದ ಮೇಲೆ ನಾಜಲ್ ಪರೀಕ್ಷೆಯ ಹಾಳೆ ತೆಗೆಯಿರಿ. ಒಂದು ಗೆರೆಯೂ ತುಂಡಾಗಿರಬಾರದು. ಮರುದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಅದೇ ಹಾಳೆ ತೆಗೆಯಿರಿ. ಕಳಪೆ ಇಂಕ್ ಮೊದಲ ದಿನ ಸಿಕ್ಕಿಬೀಳುವುದು ಅಪರೂಪ, ಪ್ರಿಂಟರ್ ವಿಶ್ರಾಂತಿಯಲ್ಲಿರುವಾಗ ಒಣಗಿ ತನ್ನ ಗುಣ ತೋರಿಸುತ್ತದೆ. ಎಲ್ಲ ಬಣ್ಣಗಳೂ ಹೊಸ ಇಂಕಿಗೆ ಬದಲಾದ ಮೇಲೆ ಬೂದು ಪಟ್ಟಿಯನ್ನು ಕಲರ್ ಆಯ್ಕೆಯಲ್ಲಿ ಮುದ್ರಿಸಿ ಎತ್ತಿಟ್ಟ ಹಾಳೆಯ ಪಕ್ಕದಲ್ಲಿಡಿ. ಬೂದು ಬಣ್ಣ ಹಸಿರಿಗೋ ಕೆಂಪಿಗೋ ವಾಲಿದ್ದರೆ ಇಂಕಿನ ಛಾಯೆ ಮೂಲದಿಂದ ದೂರವಿದೆ. ದಿನನಿತ್ಯದ ಕಾಗದಪತ್ರಗಳಿಗೆ ಅದು ಅಡ್ಡಿಯಲ್ಲ, ಫೋಟೊಗಳಲ್ಲಿ ಮುಖದ ಬಣ್ಣ ಕೆಡುತ್ತದೆ.

ಬಾಳಿಕೆ ತಿಳಿಯಲು ತಾಳ್ಮೆ ಬೇಕು. ಹೊಸ ಇಂಕಿನ ಒಂದು ಚಿತ್ರವನ್ನೂ ಮೂಲ ಇಂಕಿನ ಒಂದು ಚಿತ್ರವನ್ನೂ ಅರ್ಧರ್ಧ ದಪ್ಪ ರಟ್ಟಿನಿಂದ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಮೂರು ನಾಲ್ಕು ವಾರ ಬಿಡಿ. ರಟ್ಟು ತೆಗೆದಾಗ ಮಾಸಿದ ಭಾಗಕ್ಕೂ ಮಾಸದ ಭಾಗಕ್ಕೂ ನಡುವಿನ ಗೆರೆ ಎರಡು ಹಾಳೆಗಳಲ್ಲಿ ಎಷ್ಟೆಷ್ಟು ಎದ್ದು ಕಾಣುತ್ತದೆ ಎಂದು ಹೋಲಿಸಿ. ಎಷ್ಟೋ ರೀಫಿಲ್ ಇಂಕುಗಳು ಬಣ್ಣದಲ್ಲಿ ಮೂಲವನ್ನು ಸರಿಗಟ್ಟುತ್ತವೆ, ಕಿಟಕಿಯಲ್ಲಿ ಸೋಲುತ್ತವೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ, ಮನೆಮಂದಿಯ ಮದುವೆಯ ಫೋಟೊಗೆ, ಹತ್ತಾರು ವರ್ಷ ಉಳಿಯಬೇಕಾದ ದಾಖಲೆಗೆ ಈ ಪರೀಕ್ಷೆ ಗೆಲ್ಲದ ಇಂಕನ್ನು ಬಳಸಬೇಡಿ.

ಚಿಪ್ ಮತ್ತು ವಾರಂಟಿಯ ಮಾತು ಚಿಕ್ಕದು. ಕೆಲವು ಪ್ರಿಂಟರುಗಳು ಹೊರಗಿನ ಚಿಪ್ (ಕಾರ್ಟ್ರಿಜ್ ಯಾವುದೆಂದು ಪ್ರಿಂಟರಿಗೆ ತಿಳಿಸುವ ಪುಟ್ಟ ಬಿಲ್ಲೆ) ಇರುವ ಕಾರ್ಟ್ರಿಜ್‌ಗಳನ್ನು ತಿರಸ್ಕರಿಸುತ್ತವೆ. ನಿನ್ನೆಯವರೆಗೆ ಒಪ್ಪಿಕೊಂಡದ್ದು ತಂತ್ರಾಂಶ ನವೀಕರಣದ ನಂತರ ನಿಂತುಹೋಗುವುದೂ ಉಂಟು. ಸ್ವಯಂಚಾಲಿತ ನವೀಕರಣದ ಆಯ್ಕೆ ಹೇಗಿದೆ, ವಾರಂಟಿ ಪತ್ರದಲ್ಲಿ ಬೇರೆ ಇಂಕಿನ ಬಗ್ಗೆ ಏನು ಬರೆದಿದೆ ಎಂಬುದನ್ನು ಮೊದಲೇ ಓದಿಕೊಳ್ಳಿ.

ಇಷ್ಟಾದರೂ ಬಿಳಿ ಗೆರೆ ಕಾಣಿಸಿಕೊಂಡರೆ ನಾನು ಮಾಡಿದ್ದನ್ನು ಮಾಡಬೇಡಿ. ಶುಚಿಗೊಳಿಸುವ ಪ್ರತಿ ಸುತ್ತೂ ಇಂಕನ್ನು ಹೀರಿ ವ್ಯರ್ಥ ಇಂಕಿನ ಪ್ಯಾಡ್‌ಗೆ ಸುರಿಯುತ್ತದೆ, ಆ ಪ್ಯಾಡ್ ತುಂಬಿದರೆ ಪ್ರಿಂಟರೇ ಕೆಲಸ ನಿಲ್ಲಿಸುತ್ತದೆ. ಒಂದೆರಡು ಸಲ ಶುಚಿಗೊಳಿಸಿ, ರಾತ್ರಿಯಿಡೀ ಹಾಗೇ ಬಿಡಿ. ಗಾಳಿಗುಳ್ಳೆಯಿಂದ ಆದ ತೊಂದರೆ ಬಹಳಷ್ಟು ಸಲ ಬೆಳಗಾಗುವಷ್ಟರಲ್ಲಿ ತಾನಾಗಿ ಹೋಗಿರುತ್ತದೆ. ಬೆಳಿಗ್ಗೆಯೂ ಅದೇ ನಾಜಲ್‌ಗಳು ಮುಚ್ಚಿದ್ದರೆ ಆ ಇಂಕನ್ನು ಹೊರತೆಗೆದು, ಹೆಡ್ ಶುಚಿಗೊಳಿಸುವ ದ್ರವದಿಂದ ತೊಳೆದು, ಮೂಲ ಇಂಕ್ ಹಾಕಿ ನೋಡಿ. ನಲ್ಲಿಯ ನೀರು ಬೇಡ, ಅದರಲ್ಲಿರುವ ಲವಣಗಳು ನಾಜಲ್‌ನಲ್ಲಿಯೇ ಉಳಿಯುತ್ತವೆ. ದ್ರವ ಸಿಗದಿದ್ದರೆ ಭಟ್ಟಿ ಇಳಿಸಿದ ನೀರು ಬಳಸಿ.