ವೃತ್ತ ಎಳೆಯದೆ ಎಂಟು ಜನರನ್ನು ಕೂರಿಸುವುದು: ಸಮ-ಬೆಸದ ದಾರಿ

ದುಂಡು ಟೇಬಲ್ಲಿನ ಸುತ್ತ ಯಾರು ಎಲ್ಲಿ ಕೂತಿದ್ದಾರೆ ಎಂದು ಸುಳಿವುಗಳಿಂದ ಕಂಡುಹಿಡಿಯುವ ಲೆಕ್ಕ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಬರುತ್ತದೆ. ಕೆಲವರು ಟೇಬಲ್ಲಿನ ನಡುವಿಗೆ ಮುಖ ಮಾಡಿ (ಒಳಮುಖ), ಕೆಲವರು ಬೆನ್ನು ಮಾಡಿ (ಹೊರಮುಖ) ಕೂತ ಎಂಟು ಜನರ ಲೆಕ್ಕಕ್ಕೆ ವೃತ್ತವೇ ಬೇಡ, ಒಂದು ಸಾಲು ಸಾಕು ಎಂದಾಗ ಜೊತೆಗೆ ಪರೀಕ್ಷೆಗೆ ತಯಾರಿ ನಡೆಸುವವರು ನಂಬಲಿಲ್ಲ. ಈಗ ಅವರ ರಫ್ ಹಾಳೆಗಳಲ್ಲೂ 0ರಿಂದ 7ರ ಸಾಲೇ ಕಾಣುತ್ತದೆ.

ಕುರ್ಚಿಗಳ ಸಂಖ್ಯೆ ಪ್ರದಕ್ಷಿಣವಾಗಿ ಏರುತ್ತದೆ, 7 ಆದಮೇಲೆ ಮತ್ತೆ 0. ಒಳಮುಖದವರಿಗೆ ಎಡ ಎಂದರೆ ಕೂಡು, ಬಲ ಎಂದರೆ ಕಳೆ. ಹೊರಮುಖದವರಿಗೆ ಇದು ತಿರುಗುಮುರುಗು. ‘ಕವಿಯ ಎಡಕ್ಕೆ ಮೂರನೆಯವಳು ಅನು’ ಎಂದರೆ ನೋಡಬೇಕಾದ್ದು ಕವಿಯ ಮುಖ, ಅನುವಿನದಲ್ಲ. ಇದು ನಿಮಗೆ ಗೊತ್ತಿರುವುದೇ.

ಎಲ್ಲರೂ ಎಡವುವುದು ಕವಿಯ ಮುಖ ಯಾವ ಕಡೆ ಎಂದು ಹೇಳದಿದ್ದಾಗ. ಪ್ಲಸ್ 3, ಮೈನಸ್ 3 ಎಂದು ಎರಡು ವೃತ್ತ ಎಳೆಯುತ್ತಾರೆ. ಅಂಥ ಮೂರು ಸುಳಿವು ಬಂದರೆ ಎಂಟು ವೃತ್ತ. ಒಂದರಲ್ಲೇ ಅಳಿಸಿ ಬರೆದರೆ ಯಾವುದು ಖಚಿತ, ಯಾವುದು ಊಹೆ ಎಂಬುದೇ ಕಲಸಿಹೋಗುತ್ತದೆ. ಬಣ್ಣದ ಪೆನ್ನುಗಳನ್ನೂ ಬಳಸಿ ನೋಡಿದ್ದಾಯಿತು. ಪೆನ್ನು ಬದಲಿಸುವುದರಲ್ಲೇ ಸಮಯ ಹೋಗುತ್ತದೆ. ದುಡ್ಡು ಕೊಟ್ಟು ತಂದ ಶಾರ್ಟ್‌ಕಟ್ ನೋಟ್ಸ್‌ನಲ್ಲಿದ್ದದ್ದೂ ಅದೇ ವೃತ್ತಗಳು, ಸ್ವಲ್ಪ ಅಂದವಾಗಿ.

ದಾರಿ ಇಲ್ಲಿದೆ. ಮೂರು ಸ್ಥಾನ ಎಡಕ್ಕೆ ಹೋಗಲಿ, ಬಲಕ್ಕೆ ಹೋಗಲಿ, ಸಮದಿಂದ ಹೊರಟರೆ ಸೇರುವುದು ಬೆಸಕ್ಕೇ. ಹಾಗಾಗಿ ಮುಖ ಗೊತ್ತಿಲ್ಲದ ಸುಳಿವಿನಲ್ಲೂ ಸಮ-ಬೆಸ ಮಾತ್ರ ಗಟ್ಟಿ. ಸಮ ಕುರ್ಚಿಗಳದು ಒಂದು ಗುಂಪು, ಬೆಸ ಕುರ್ಚಿಗಳದು ಇನ್ನೊಂದು. ಪಕ್ಕದವರು, ಮೂರನೆಯವರು ಬೇರೆ ಗುಂಪು. ಎರಡನೆಯವರು, ನೇರ ಎದುರಿನವರು ಒಂದೇ ಗುಂಪು. ಪ್ರತಿ ಗುಂಪಿಗೆ ನಾಲ್ಕೇ ಕುರ್ಚಿ.

ಒಂದು ಲೆಕ್ಕ ನೋಡಿ. ಕವಿ ಒಳಮುಖ, ಉಳಿದವರದು ಹೇಳಿಲ್ಲ. ಅನು ಕವಿಯ ಎಡಕ್ಕೆ ಮೂರನೆಯವಳು. ಗಿರಿ ಚಂದ್ರುವಿನ ಎದುರು. ಜಯ ಚಂದ್ರುವಿನ ಬಲಕ್ಕೆ ಎರಡನೆಯವಳು. ತಾರಾಳ ಬಲಪಕ್ಕದಲ್ಲಿ ಕವಿ, ಎದುರಿಗೆ ಪವನ್. ಚಂದ್ರು ಅನುವಿನ ಪಕ್ಕ ಇಲ್ಲ. ಎಂಟನೆಯವನು ಮಧು.

ಕವಿ 0, ಅನು 3. ತಾರಾ ಕವಿಯ ಪಕ್ಕದವಳು, ಆದ್ದರಿಂದ ಬೆಸ. ಅವಳ ಎದುರಿನ ಪವನ್ ಕೂಡ ಬೆಸ. ಅನು ಸೇರಿ ಬೆಸದಲ್ಲಿ ಮೂವರಾದರು. ಗಿರಿ, ಚಂದ್ರು, ಜಯ ಒಂದೇ ಗುಂಪಿನವರು; ಬೆಸದಲ್ಲಿ ಉಳಿದಿರುವುದು ಒಂದೇ ಕುರ್ಚಿ, ಹಾಗಾಗಿ ಮೂವರೂ ಸಮಕ್ಕೆ. ಮಧು ಬೆಸಕ್ಕೆ. ಸಮದಲ್ಲಿ ಎದುರುಬದುರು ಖಾಲಿ ಇರುವುದು 2-6 ಮಾತ್ರ. 2 ಅನುವಿಗೆ ಅಂಟಿದೆ, ಹಾಗಾಗಿ ಚಂದ್ರು 6, ಗಿರಿ 2, ಜಯ 4. 6ರಿಂದ 4ಕ್ಕೆ ಬಲ ಎಂದರೆ ಚಂದ್ರು ಒಳಮುಖ. ತಾರಾ 7ರಲ್ಲಿದ್ದರೆ ಪವನ್‌ಗೆ 3 ಬೇಕು, ಅಲ್ಲಿ ಅನು ಇದ್ದಾಳೆ. ಆದ್ದರಿಂದ ತಾರಾ 1, ಅವಳೂ ಒಳಮುಖ. ಪವನ್ 5, ಮಧು 7. ಎಲ್ಲೂ ಎರಡನೇ ಚಿತ್ರ ಬೇಕಾಗಲಿಲ್ಲ.

ಮೊದಲು ಇಂಥದ್ದಕ್ಕೆ ಏಳೆಂಟು ನಿಮಿಷ ಹೋಗುತ್ತಿತ್ತು, ಈಗ ಹೆಚ್ಚೆಂದರೆ ಮೂರು. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಈ ಉಳಿತಾಯ ಸಣ್ಣದಲ್ಲ, ಏಕೆಂದರೆ ಒಂದು ಜೋಡಣೆ ಕೆಟ್ಟರೆ ಅದರ ಕೆಳಗಿನ ನಾಲ್ಕೈದು ಪ್ರಶ್ನೆಗಳೂ ಕೆಡುತ್ತವೆ.

ಆರು ಅಥವಾ ಹತ್ತು ಜನರಿದ್ದರೆ ಹುಷಾರು: ಎದುರು ಎಂದರೆ 3 ಅಥವಾ 5 ಸ್ಥಾನ, ಅಲ್ಲಿ ಎದುರಿನವರು ಬೇರೆ ಗುಂಪಿಗೆ ಹೋಗುತ್ತಾರೆ. ಏಳು, ಒಂಬತ್ತರ ಟೇಬಲ್ಲಿಗೆ ಇದು ನಡೆಯುವುದಿಲ್ಲ. ಒಂದು ಸುತ್ತು ಬಂದರೆ ಸಮ-ಬೆಸ ಅದಲುಬದಲಾಗುತ್ತದೆ. ಅಲ್ಲಿ ಹಳೆಯ ವೃತ್ತವೇ ಗತಿ.

ಚೌಕ ಟೇಬಲ್ಲಿನ ಮೇಲೂ ಪ್ರಯೋಗಿಸಿದೆ. ಮೂಲೆಯವರು ಒಳಮುಖ, ಬದಿಯ ನಡುವಿನವರು ಹೊರಮುಖ ಎಂದಿದ್ದರೆ ಹಬ್ಬವೇ: ಮೂಲೆಗಳಿಗೆ ಸಮ ಸಂಖ್ಯೆ ಕೊಟ್ಟರೆ ಗುಂಪು ತಿಳಿದ ಕೂಡಲೇ ಮುಖವೂ ತಿಳಿಯಿತು.

ಇನ್ನೊಂದು: ಅಕ್ಕಪಕ್ಕದ ಇಬ್ಬರೂ ಪರಸ್ಪರರ ಎಡಕ್ಕಿದ್ದರೆ ಅವರ ಮುಖಗಳು ವಿರುದ್ಧ ದಿಕ್ಕಿಗೆ ಎಂದು ತಕ್ಷಣ ಬರೆದುಕೊಳ್ಳಿ. ಸುಳಿವುಗಳನ್ನು ಯಾವ ಕ್ರಮದಲ್ಲಿ ಓದಬೇಕೆಂಬುದಕ್ಕೂ ನನ್ನದೊಂದು ಲೆಕ್ಕವಿದೆ, ಸದ್ಯಕ್ಕೆ ಅದು ನನ್ನ ಬಳಿಯೇ ಇರಲಿ.