ಬೈರಾಸಿನ ಕಲೆಯೂ ಅಯಾನಿನ ಹೆಸರೂ

ಉಡುಪಿಯಲ್ಲಿ ನಮ್ಮ ಮನೆಯ ಜಗಲಿಗೆ ಸಂಜೆ ಪಾಠಕ್ಕೆ ಬರುವ ಮಕ್ಕಳು ಅಯಾನುಗಳ, ಅಂದರೆ ಎಲೆಕ್ಟ್ರಾನನ್ನು ಕೊಟ್ಟೋ ಪಡೆದೋ ವಿದ್ಯುದಾವೇಶ ಹೊತ್ತ ಪರಮಾಣುಗಳ ಇಲ್ಲವೇ ಪರಮಾಣು ಗುಂಪುಗಳ, ಹೆಸರನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿರುತ್ತಾರೆ. ನಡುವಿನದೊಂದನ್ನು ಕೇಳಿದರೆ ಮೊದಲಿನಿಂದ ಹೇಳಿಕೊಂಡು ಬರಬೇಕಾಗುತ್ತದೆ. ಆ ಪಟ್ಟಿಯನ್ನು ಒಮ್ಮೆ ಬದಿಗಿಡಿ. ಅಯಾನು ಹೇಗೆ ಹುಟ್ಟಿತು ಎಂಬುದು ಗೊತ್ತಿದ್ದರೆ ಅದರ ಹೆಸರನ್ನು ನೀವೇ ಕಟ್ಟಬಹುದು.

ಮೊದಲು ಆವೇಶವನ್ನು ನೋಡಿ. ಸೋಡಿಯಂ ಪರಮಾಣುವಿನಲ್ಲಿ 11 ಪ್ರೋಟಾನುಗಳು, 11 ಎಲೆಕ್ಟ್ರಾನುಗಳು ಇವೆ. ಒಂದು ಎಲೆಕ್ಟ್ರಾನನ್ನು ಕೊಟ್ಟುಬಿಟ್ಟರೆ ಅದು ಧನ ಅಯಾನು ಆಗುತ್ತದೆ. ಇಲ್ಲಿಯೇ ಮಕ್ಕಳು ತಡವರಿಸುತ್ತಾರೆ. “ಟೀಚರ್, ಕೊಟ್ಟ ಮೇಲೆ ಕಡಿಮೆಯಾಗಬೇಕಲ್ಲ, ಧನ ಹೇಗಾಯಿತು?” ಎಂದು ಒಬ್ಬಳು ಕೇಳಿದ್ದಳು. ನಮ್ಮ ಭಾಷೆಯಲ್ಲೇ ಉತ್ತರ ಇದೆ: ಎಲೆಕ್ಟ್ರಾನ್ ಎಂದರೆ ಋಣ. ಋಣ ಕಳೆದುಕೊಂಡವರ ಲೆಕ್ಕ ಧನದ ಕಡೆಗೆ ವಾಲುತ್ತದೆ, ಋಣ ಹೊತ್ತವರದು ಋಣದ ಕಡೆಗೆ. ಕ್ಲೋರಿನ್ 17 ಎಲೆಕ್ಟ್ರಾನುಗಳ ಮೇಲೆ ಇನ್ನೊಂದನ್ನು ಹೊತ್ತುಕೊಂಡು ಋಣ ಅಯಾನು ಆಗುತ್ತದೆ. ಈ ಒಂದು ಮಾತು ಗಟ್ಟಿಯಾದರೆ ಮುಂದಿನ ದಾರಿ ಸಲೀಸು.

ಲೋಹದ ಹೆಸರನ್ನು ಬದಲಿಸಬೇಡಿ. ಸೋಡಿಯಂ ಅಯಾನು, ಕ್ಯಾಲ್ಸಿಯಂ ಅಯಾನು, ಅಲ್ಯೂಮಿನಿಯಂ ಅಯಾನು, ಅಷ್ಟೇ. ಇವುಗಳ ಆವೇಶ ಕ್ರಮವಾಗಿ ಒಂದು, ಎರಡು, ಮೂರು. ಪ್ರತಿಯೊಂದಕ್ಕೂ ಇರುವುದು ಒಂದೇ ಆವೇಶವಾದ್ದರಿಂದ ಅದನ್ನು ಹೆಸರಿನಲ್ಲಿ ಹೇಳಬೇಕಾಗಿಲ್ಲ.

ಅಲೋಹವಾದರೆ ಹೆಸರಿನ ಬಾಲವನ್ನು ಕತ್ತರಿಸಿ ‘ಐಡ್’ ಅಂಟಿಸಿ. ಕ್ಲೋರಿನ್ ಕ್ಲೋರೈಡ್ ಆಗುತ್ತದೆ, ಆಕ್ಸಿಜನ್ ಆಕ್ಸೈಡ್, ಸಲ್ಫರ್ ಸಲ್ಫೈಡ್, ನೈಟ್ರೋಜನ್ ನೈಟ್ರೈಡ್. ಇದನ್ನು ಬರಿಯ ವ್ಯಾಕರಣವೆಂದು ತಿಳಿಯಬೇಡಿ. ಕ್ಲೋರಿನ್ ಉಸಿರುಗಟ್ಟಿಸುವ ವಿಷಾನಿಲ. ಕ್ಲೋರೈಡ್ ಮಲ್ಪೆಯ ಕಡಲಿನ ತುಂಬ ಇದೆ, ಅದರಲ್ಲೇ ಬಂಗುಡೆ, ಬೂತಾಯಿ ಈಜುತ್ತವೆ. ಉತ್ತರಪತ್ರಿಕೆಯಲ್ಲಿ ‘ಸೋಡಿಯಂ ಕ್ಲೋರಿನ್’ ಎಂದು ಕಂಡರೆ ನಾನು ಅಂಕ ಕಳೆಯುತ್ತೇನೆ.

‘ಐಡ್’ ಬೇರೆ, ‘ಏಟ್’ ಬೇರೆ. ಅಡುಗೆಮನೆಯ ಅಯೋಡಿನ್‌ಯುಕ್ತ ಉಪ್ಪಿನ ಪೊಟ್ಟಣವನ್ನು ತಿರುಗಿಸಿ ಓದಿ. ನಮ್ಮ ದೇಶದಲ್ಲಿ ಉಪ್ಪಿಗೆ ಸೇರಿಸುವುದು ಪೊಟ್ಯಾಸಿಯಂ ಅಯೋಡೈಡ್ ಅಲ್ಲ, ಅಯೋಡೇಟ್. ಅಯೋಡೇಟ್‌ನಲ್ಲಿ ಅಯೋಡಿನ್ ಜೊತೆಗೆ ಮೂರು ಆಕ್ಸಿಜನ್‌ಗಳಿವೆ. ತೇವದ ಹವೆಯಲ್ಲಿ ಅಯೋಡೈಡ್‌ಗಿಂತ ಅದು ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಆಟಿ ತಿಂಗಳ ಕರಾವಳಿಯಲ್ಲಿ ಉಪ್ಪು ನೀರೊಡೆಯುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಇನ್ನು ಕಬ್ಬಿಣ. ಇದರ ಮೇಲೆ ಒಂದಿಡೀ ಸಂಜೆ ಕಳೆಯಬೇಕು. ನಮ್ಮ ಬೋರ್‌ವೆಲ್ ನೀರನ್ನು ಕೊಡಪಾನಕ್ಕೆ ಹಿಡಿದಾಗ ತಿಳಿಯಾಗಿರುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ತಳದಲ್ಲಿ ಕಂದು ಮಡ್ಡಿ. ಅದೇ ನೀರಿನಲ್ಲಿ ಒಗೆದ ಬಿಳಿ ಬೈರಾಸಿನ ಅಂಚು ಹಳದಿಗಟ್ಟಿದೆ. ನಾನು ಆ ಬೈರಾಸನ್ನೇ ಪಾಠಕ್ಕೆ ತಂದು ಹರಡುತ್ತೇನೆ. ನೆಲದಡಿಯಲ್ಲಿ ಗಾಳಿಯಿಲ್ಲದೆ ಇದ್ದಾಗ ಕಬ್ಬಿಣ ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಅಯಾನಾಗಿ ಕರಗಿತ್ತು. ಗಾಳಿ ತಾಗಿದ ಮೇಲೆ ಇನ್ನೊಂದನ್ನು ಕಳೆದುಕೊಂಡಿತು. ಈ ಮೂರರ ಕಬ್ಬಿಣ ಇಂಥ ನೀರಿನಲ್ಲಿ ಕರಗಿ ನಿಲ್ಲಲಾರದೆ ಹೈಡ್ರಾಕ್ಸೈಡ್ ಆಗಿ ತಳಕ್ಕಿಳಿಯುತ್ತದೆ. ಕಾಂಪೌಂಡಿನ ಮುರಕಲ್ಲಿಗೆ ಕೆಂಪು ಬಂದಿರುವುದೂ ಈ ಮೂರರ ಕಬ್ಬಿಣದಿಂದಲೇ.

ಲೋಹ ಒಂದೇ, ಅಯಾನು ಎರಡು. ಬರಿದೆ ‘ಕಬ್ಬಿಣದ ಅಯಾನು’ ಎಂದರೆ ಯಾವುದೆಂದು ತಿಳಿಯುವುದಿಲ್ಲ. ಹಳೆಯ ಪದ್ಧತಿಯಲ್ಲಿ ಕಡಿಮೆ ಆವೇಶದ್ದು ಫೆರಸ್, ಹೆಚ್ಚಿನದ್ದು ಫೆರಿಕ್. ತಾಮ್ರದಲ್ಲಿ ಕ್ಯುಪ್ರಸ್, ಕ್ಯುಪ್ರಿಕ್. ಆದರೆ ಫೆರಸ್ ಎಂದರೆ ಎರಡು, ಕ್ಯುಪ್ರಸ್ ಎಂದರೆ ಒಂದು. ‘ಅಸ್’ ಎಂಬ ಬಾಲ ಎಷ್ಟೆಂದು ಹೇಳುವುದಿಲ್ಲ, ಎರಡರಲ್ಲಿ ಕಡಿಮೆಯದು ಎಂದಷ್ಟೇ ಹೇಳುತ್ತದೆ. ಜರ್ಮನಿಯ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಸೂಚಿಸಿದ ಪದ್ಧತಿ ನನಗೆ ಹೆಚ್ಚು ಹಿಡಿಸುತ್ತದೆ: ಲೋಹದ ಹೆಸರಿಗೆ ತಾಗಿದಂತೆ ಆವರಣದಲ್ಲಿ ಆವೇಶ ಎಷ್ಟೆಂದು ಹೇಳುವ ರೋಮನ್ ಅಂಕಿ. ಓದುವಾಗ ‘ಐರನ್ ಎರಡು’, ‘ಐರನ್ ಮೂರು’ ಎನ್ನಿ. ಹಳೆಯ ಹೆಸರುಗಳನ್ನೂ ಕಲಿಯಿರಿ, ಕಬ್ಬಿಣಾಂಶದ ಮಾತ್ರೆಯ ಪಟ್ಟಿಯ ಮೇಲೆ ಫೆರಸ್ ಸಲ್ಫೇಟ್ ಎಂದೇ ಅಚ್ಚಾಗಿರುತ್ತದೆ.

ಅಂಕಿ ತಿಳಿಯದಿದ್ದರೆ ಋಣದ ಕಡೆಯಿಂದ ಲೆಕ್ಕ ಹಾಕಿ. ಕುದುರೆಮುಖದಿಂದ ಪೈಪಿನಲ್ಲಿ ಪಣಂಬೂರಿಗೆ ಹರಿದು ಬರುತ್ತಿದ್ದ ಅದಿರು ಮ್ಯಾಗ್ನೆಟೈಟ್. ಅದರ ಸೂತ್ರದಲ್ಲಿ ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಒಂದೊಂದು ಆಕ್ಸೈಡಿಗೆ ಎರಡರಂತೆ ಒಟ್ಟು ಋಣ ಎಂಟು. ಕಬ್ಬಿಣದ ಮೂರು ಅಯಾನುಗಳು ಆ ಎಂಟನ್ನು ಸರಿದೂಗಿಸಬೇಕು. ಕಳೆದ ವಾರ ಒಬ್ಬ ಹುಡುಗ ಎಂಟನ್ನು ಮೂರರಿಂದ ಭಾಗಿಸುತ್ತಾ ಬಹಳ ಹೊತ್ತು ಕುಳಿತಿದ್ದ. ಆಮೇಲೆ ತಲೆಯೆತ್ತಿ, “ಟೀಚರ್, ಎಲ್ಲವೂ ಒಂದೇ ಆಗಬೇಕೆಂದು ಇಲ್ಲವಲ್ಲ?” ಎಂದ. ಪುಸ್ತಕದ ಅಂಚಿನಲ್ಲಿ ಎರಡು, ಮೂರು, ಮೂರು ಎಂದು ಬರೆದು ಕೂಡಿಸಿದ.